ಬಿಲ್ಲು, ಅಡ್ಡಬಿಲ್ಲು, ಕವಣೆ

ನನ್ನ ಅಕ್ಕನ ಮಗ ಎರಡು ವರ್ಷಗಳಿಂದ ಭಾನುವಾರದ ಮಧ್ಯಾಹ್ನಗಳನ್ನೆಲ್ಲ ಒಂದು ಆಟಕ್ಕೆ ಧಾರೆಯೆರೆದುಬಿಟ್ಟಿದ್ದಾನೆ. ಎಂಟನೆಯ ವಯಸ್ಸಿನಿಂದ ಕಲಿಯುತ್ತಿದ್ದ ಮೃದಂಗದ ಪಾಠಕ್ಕೆ ಈಗ ಹೋಗುತ್ತಿಲ್ಲ. ಪಾಠ ನಡೆಯುವುದೂ ಭಾನುವಾರವೇ. "ನಿನ್ನ ಮಾತಾದರೆ ಕೇಳುತ್ತಾನೆ, ಒಂದು ಸಲ ಬಂದು ಬುದ್ಧಿ ಹೇಳಿ ಹೋಗು" ಎಂದು ಅಕ್ಕ ಹೇಳಿಕಳುಹಿಸಿದಳು. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ಮಾತಾಡಿದವನಿಗೆ ಬುದ್ಧಿ ಹೇಳುವುದು ಕಷ್ಟದ ಕೆಲಸವಲ್ಲ. ಹೋದೆ. ಬುದ್ಧಿ ಹೇಳಲು ಹೋದವನು ಒಂದು ಗಂಟೆಯೊಳಗೆ ಕೈಯಲ್ಲಿ ಸೀಸದ ಕಡ್ಡಿ ಹಿಡಿದು ಅವರ ಮೇಜಿನ ಸುತ್ತ ಐದನೆಯವನಾಗಿ ಕುಳಿತಿದ್ದೆ ಎಂಬುದನ್ನು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಂಡುಬಿಡುವುದು ಒಳ್ಳೆಯದು.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಒಬ್ಬ ಸೂತ್ರಧಾರ ಕಥೆ ಹೇಳುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನಡೆಯುತ್ತಾರೆ. ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಪ್ರತಿ ಪಾತ್ರಕ್ಕೂ ಆರು ಗುಣಗಳು: ಶಕ್ತಿ, ಚುರುಕು, ತ್ರಾಣ, ಬುದ್ಧಿ, ವಿವೇಕ, ವರ್ಚಸ್ಸು. ಗುಣಕ್ಕೊಂದು ಅಂಕ. ನನ್ನ ವೃತ್ತಿಗೆ ತಕ್ಕುದೆಂದು ಅಳಿಯ ನನ್ನನ್ನು ಒಬ್ಬ ಮಂತ್ರಪಂಡಿತನನ್ನಾಗಿ ಮಾಡಿದ. ಆಮೇಲೆ ಕೇಳಿದ: "ಮಾವ, ದೂರದಿಂದ ಹೊಡೆಯುವ ಆಯುಧ ಯಾವುದು ಬೇಕು?"

ಇದೇನು ಕೇಳುವ ಪ್ರಶ್ನೆಯೇ? ಭಾರತ ಓದಿಕೊಂಡು ಬೆಳೆದವನು ಬಿಲ್ಲನ್ನಲ್ಲದೆ ಇನ್ನೇನನ್ನು ಕೇಳಿಯಾನು? "ಬಿಲ್ಲು. ಇದ್ದುದರಲ್ಲಿ ದೊಡ್ಡದು" ಎಂದೆ.

ಮೇಜಿನ ಸುತ್ತ ಒಂದು ಸಣ್ಣ ನಗೆ ಹರಿಯಿತು. "ನೀವು ಪಂಡಿತರು ಮಾವ. ಉದ್ದಬಿಲ್ಲಿನ ಅಭ್ಯಾಸ ನಿಮಗಿರುವುದಿಲ್ಲ. ಚೂರಿ, ಎಸೆಗೋಲು, ಕವಣೆ, ದೊಣ್ಣೆ, ಇಲ್ಲವಾದರೆ ಹಗುರವಾದ ಅಡ್ಡಬಿಲ್ಲು, ನಿಮಗೆ ಕೈಬರುವುದು ಇಷ್ಟೇ" ಎಂದ.

"ದ್ರೋಣಾಚಾರ್ಯರು ಪಂಡಿತರಲ್ಲವೇನಯ್ಯ? ನಮ್ಮ ಪಂಪ ಕವಿಯೂ ಹೌದು, ಕಲಿಯೂ ಹೌದು."

"ಅವರೆಲ್ಲ ಎರಡು ವೃತ್ತಿಯವರು ಮಾವ. ಅದಕ್ಕೆ ಬೇರೆ ನಿಯಮ ಇದೆ."

ಉತ್ತರ ಚೆನ್ನಾಗಿತ್ತು, ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಪುಸ್ತಕ ಓದುವವನ ಕೈಗೆ ಬಿಲ್ಲು ಏಕಾಗದು? ಆಗದೆಂದಮೇಲೆ ಅದಕ್ಕಿಂತ ತೊಡಕಾದ ಯಂತ್ರವಾದ ಅಡ್ಡಬಿಲ್ಲು ಹೇಗೆ ಆದೀತು? ಈ ಪ್ರಶ್ನೆಯ ಬೆನ್ನುಹತ್ತಿ ನಾಲ್ಕಾರು ವಾರ ಗ್ರಂಥಾಲಯ ಸುತ್ತಿದೆ. ಹುಡುಗರ ಆಟದ ಒಂದು ಸಣ್ಣ ನಿಯಮದ ಹಿಂದೆ ಎಷ್ಟು ಶತಮಾನಗಳ ಜಗಳ ಅಡಗಿದೆಯೆಂಬುದು ಆಗ ತಿಳಿಯಿತು.

ಮೊದಲು ಆಟದ ವಂಶಾವಳಿಯನ್ನು ನೋಡೋಣ. ಅದರ ಮೂಲಪುರುಷ ನಮ್ಮ ನಾಡಿನವನೇ. ಚದುರಂಗ ಭಾರತದಲ್ಲಿ ಹುಟ್ಟಿ, ಪರ್ಷಿಯ ಹಾಗೂ ಅರಬ್ ನಾಡುಗಳ ಮಾರ್ಗವಾಗಿ ಯೂರೋಪಿಗೆ ಹೋಯಿತು. ಆನೆ, ಕುದುರೆ, ರಥ, ಕಾಲಾಳು ಎಲ್ಲವೂ ಇರುವ ಆ ಯುದ್ಧದಲ್ಲಿ ಒಂದು ಕೊರತೆಯನ್ನು ವಾಚಕರು ಗಮನಿಸಿದ್ದಾರೆಯೋ ಇಲ್ಲವೋ ಕಾಣೆ: ಅಲ್ಲಿ ದೂರದಿಂದ ಹೊಡೆಯುವವನೇ ಇಲ್ಲ. ಶತ್ರುವನ್ನು ಕೊಲ್ಲಬೇಕಾದರೆ ಅವನ ಮನೆಯನ್ನು ಹೊಕ್ಕೇ ಕೊಲ್ಲಬೇಕು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್ಕಿನ ಹೆಲ್ವಿಗ್ ಎಂಬಾತ ಈ ಚದುರಂಗವನ್ನೇ ಹಿಗ್ಗಿಸಿ, ನಿಜವಾದ ಯುದ್ಧಕ್ಕೆ ಹತ್ತಿರವಾಗುವಂಥ ಆಟವೊಂದನ್ನು ಕಟ್ಟಿದ. ಪ್ರಷ್ಯದ ರೈಸ್‌ವಿಟ್ಸ್ 1812ರಲ್ಲಿ ತನ್ನ ಆಟವನ್ನು ದೊರೆಗೆ ಒಪ್ಪಿಸಿದ. ಅವನ ಮಗ 1824ರಲ್ಲಿ ಅದನ್ನು ತಿದ್ದಿ, ನಿಯಮಗಳನ್ನು ಅಚ್ಚುಹಾಕಿಸಿದ. ಚೌಕದ ಮನೆಗಳು ಹೋಗಿ ಭೂಪಟ ಬಂತು. ಗುಂಡಿನ ಏಟಿನಿಂದ ಎಷ್ಟು ಜನ ಬಿದ್ದರೆಂಬುದನ್ನು ದೂರವೂ ದಾಳವೂ ಸೇರಿ ನಿರ್ಧರಿಸತೊಡಗಿದವು. ಇಬ್ಬರು ಆಟಗಾರರ ನಡುವೆ ತೀರ್ಪು ಹೇಳಲು ಮೂರನೆಯವನೊಬ್ಬ ಬಂದು ಕುಳಿತ. ಇಂದಿನ ಸೂತ್ರಧಾರನ ಮುತ್ತಜ್ಜ ಅವನೇ.

ಪ್ರಷ್ಯದ ಸೇನಾಧಿಕಾರಿಗಳ ಈ ವಿದ್ಯೆಯನ್ನು ಮನೆಯ ನೆಲದ ಮೇಲಿನ ವಿನೋದವಾಗಿಸಿದವರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಒಬ್ಬರು. 1913ರಲ್ಲಿ ಬಂದ ಅವರ 'ಲಿಟಲ್ ವಾರ್ಸ್' ಪುಸ್ತಕದಲ್ಲಿ ಫಿರಂಗಿಯ ಏಟಿಗೆ ದಾಳವಿಲ್ಲ. ಸ್ಪ್ರಿಂಗು ಕಟ್ಟಿದ ಆಟಿಕೆಯ ಫಿರಂಗಿಯಿಂದ ಮರದ ಚೂರನ್ನು ಹಾರಿಸಿ ತವರದ ಸಿಪಾಯಿಗಳನ್ನು ನಿಜವಾಗಿಯೇ ಉರುಳಿಸಬೇಕು. ಅಲ್ಲಿ ಗುರಿ ಆಟಗಾರನ ಕಣ್ಣಿನದು, ಕೈಯದು. ಮುಂದೆ 1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಮಧ್ಯಯುಗದ ಯುದ್ಧಗಳನ್ನು ಆಡಲು 'ಚೈನ್‌ಮೇಲ್' ಎಂಬ ನಿಯಮಾವಳಿಯನ್ನು ತಂದರು. ಮಿನೆಸೋಟದ ಡೇವ್ ಆರ್ನೆಸನ್ ತನ್ನ ಗೆಳೆಯರ ಕೂಟದಲ್ಲಿ ಆಟಗಾರನಿಗೆ ಸೈನ್ಯದ ಬದಲು ಒಬ್ಬನೇ ಒಬ್ಬ ವೀರನನ್ನು ಕೊಟ್ಟ. ಈ ಎರಡು ಹೊಳೆಗಳು ಕೂಡಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟವಾಯಿತು. ಮೊದಲ ಮುದ್ರಣ 1000 ಪ್ರತಿ.

ಸೈನ್ಯ ಹೋಗಿ ಒಬ್ಬನೇ ಉಳಿದಾಗ ಪ್ರಶ್ನೆಯೂ ಬದಲಾಗುತ್ತದೆ. ಸಾವಿರ ಬಿಲ್ಲಾಳುಗಳ ಬಾಣದ ಮಳೆಯನ್ನು ಒಂದು ಲೆಕ್ಕದಿಂದ ತೂಗಬಹುದು. ಒಬ್ಬನ ಕೈಯ ಬಾಣವನ್ನು ತೂಗಬೇಕಾದರೆ ಅವನೆಂಥವನು ಎಂದು ಕೇಳಲೇಬೇಕು. ಆ ಮೊದಲ ಪುಸ್ತಕದಲ್ಲಿ ಆಯುಧಗಳ ನಡುವೆ ಭೇದವಿರಲಿಲ್ಲ. ಯಾವುದರಿಂದ ಹೊಡೆದರೂ ಗಾಯಕ್ಕೆ ಆರು ಮುಖದ ಒಂದು ದಾಳ. ಭೇದ ಬಂದದ್ದು 1975ರ ಪುರವಣಿಯಲ್ಲಿ. ಆದರೆ ದೂರದ ಏಟಿಗೆ ಬೇಕಾದ ಗುಣ ಯಾವುದೆಂಬ ತೀರ್ಮಾನ ಮೊದಲ ದಿನವೇ ಆಗಿಹೋಗಿತ್ತು. ಅದು ಶಕ್ತಿಯಲ್ಲ, ಚುರುಕು. ಕೈಚಳಕವುಳ್ಳವನ ಬಾಣ ನಾಟುತ್ತದೆ. ತೋಳ್ಬಲದವನು ಕತ್ತಿ ಹಿಡಿಯಲಿ. ಇಂದಿಗೂ ಆಟ ಈ ಮಾತನ್ನು ಬಿಟ್ಟಿಲ್ಲ.

ಇತಿಹಾಸ ಈ ತೀರ್ಮಾನವನ್ನು ಒಪ್ಪುವುದಿಲ್ಲ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ 'ಮೇರಿ ರೋಸ್' ಎಂಬ ಯುದ್ಧನೌಕೆ 1545ರ ಜುಲೈಯಲ್ಲಿ ಮುಳುಗಿತು. 1982ರಲ್ಲಿ ಅದನ್ನು ಕಡಲ ಕೆಸರಿನಿಂದ ಮೇಲೆತ್ತಿದರು. ಅದರಲ್ಲಿ ದೊರೆತ ಉದ್ದಬಿಲ್ಲುಗಳು ನೂರಮೂವತ್ತಕ್ಕೂ ಹೆಚ್ಚು, ಬಾಣಗಳು 3500ಕ್ಕೂ ಹೆಚ್ಚು. ಆ ಬಿಲ್ಲುಗಳನ್ನು ಅಳೆದು ಪರೀಕ್ಷಿಸಿದ ವಿದ್ವಾಂಸರ ಅಂದಾಜಿನಂತೆ, ಅವನ್ನು ಪೂರ್ತಿ ಸೆಳೆಯಲು ನೂರು ಪೌಂಡಿನಿಂದ ಹಿಡಿದು ನೂರೆಂಬತ್ತು ಪೌಂಡಿನವರೆಗೆ ಭಾರವೆತ್ತುವಷ್ಟು ಬಲ ಬೇಕು. ಅದೂ ಒಂದು ಸಲವಲ್ಲ, ಬತ್ತಳಿಕೆ ಬರಿದಾಗುವವರೆಗೆ. ನೌಕೆಯಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಕೆಲವರ ಭುಜದ ಮೂಳೆಯ ತುದಿ ವಯಸ್ಸಾದರೂ ಕೂಡಿಕೊಂಡಿರಲಿಲ್ಲ. ಹುಡುಗುತನದಿಂದ ದೊಡ್ಡ ಬಿಲ್ಲು ಸೆಳೆದ ಗುರುತು ಅದೆಂದು ಸಂಶೋಧಕರು ಊಹಿಸಿದ್ದಾರೆ. ಆ ಊಹೆ ನಿಜವಾದರೆ, ಅಭ್ಯಾಸವೆಂಬುದು ಮನುಷ್ಯನ ಎಲುಬಿನೊಳಗೇ ಬರೆದುಕೊಂಡಿತ್ತೆಂದು ಹೇಳಬೇಕು.

ನಮ್ಮ ಹಿರಿಯರಿಗೆ ಈ ವಿಷಯ ಗೊತ್ತಿತ್ತು. ದ್ರೌಪದಿಯ ಸ್ವಯಂವರದಲ್ಲಿ ಪರೀಕ್ಷೆ ಒಂದಲ್ಲ, ಎರಡು. ಮೊದಲನೆಯದು ಬಿಲ್ಲಿಗೆ ಹೆದೆಯೇರಿಸುವುದು. ಎರಡನೆಯದು ಗುರಿ ಹೊಡೆಯುವುದು. ಮೊದಲನೆಯದು ಶಕ್ತಿ, ಎರಡನೆಯದು ಚುರುಕು. ಎಷ್ಟೋ ಮಂದಿ ರಾಜರು ಗುರಿಯ ಮಾತು ಹಾಗಿರಲಿ, ಹೆದೆಯೇರಿಸುವಲ್ಲೇ ಸೋತರು. ಸೀತಾಸ್ವಯಂವರದಲ್ಲಂತೂ ಗುರಿಯೆಂಬುದೇ ಇಲ್ಲ. ಶಿವಧನುಸ್ಸನ್ನು ಎತ್ತಿ ಸೆಳೆದರೆ ಸಾಕು. ಗೆದ್ದ ಅರ್ಜುನ ಅಂದು ಬಡ ಬ್ರಾಹ್ಮಣನ ವೇಷದಲ್ಲಿದ್ದ. ಇವನೆಲ್ಲಿ ಬಿಲ್ಲೆತ್ತಿಯಾನು, ನಮಗೆಲ್ಲ ನಗೆಗೇಡು ತಂದಾನು ಎಂದು ಸಭೆಯ ಬ್ರಾಹ್ಮಣರು ಅಂಜಿದರು. ಅಳಿಯನ ಮೇಜಿನ ಸುತ್ತ ಹರಿದ ನಗೆಗೂ ಆ ಸಭೆಯ ಅಂಜಿಕೆಗೂ ಬಹಳ ದೂರವಿಲ್ಲ.

ಆಟ ಕಟ್ಟಿದವರಿಗೂ ಈ ಕೊರತೆ ಕಾಣದೆ ಹೋಗಲಿಲ್ಲ. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ, ಬಲಶಾಲಿಗಾಗಿಯೇ ಬಿಗಿಯಾಗಿ ಮಾಡಿದ ಜೋಡುಬಿಲ್ಲಿಗೆ ತೋಳ್ಬಲದ ಅಂಕವನ್ನೂ ಸೇರಿಸಿದರು. 2014ರ ಆವೃತ್ತಿಯಲ್ಲಿ ಆ ಬಿಲ್ಲು ಇಲ್ಲ. ಈಗಿನ ಲೆಕ್ಕವನ್ನು ಕೇಳಿ: ನನ್ನ ಪಂಡಿತ ತುಂಟಪಿಶಾಚಿಯೊಂದಕ್ಕೆ ಉದ್ದಬಿಲ್ಲಿನಿಂದ ಹೊಡೆದರೆ, ಅಭ್ಯಾಸವಿಲ್ಲದ ಕಾರಣ ದಾಳದ ಇಪ್ಪತ್ತು ಮುಖಗಳಲ್ಲಿ ಎಂಟು ಅವನಿಗೆ ಒಲಿಯುತ್ತವೆ. ಅಭ್ಯಾಸವಿದ್ದರೆ ಹತ್ತು. ಒಂದು ಆಯುಷ್ಯದ ಸಾಧನೆಯ ಬೆಲೆ ದಾಳದ ಎರಡು ಮುಖ! ಮೇರಿ ರೋಸಿನ ಬಿಲ್ಲಾಳುಗಳು ಈ ಲೆಕ್ಕವನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಇನ್ನು ಅಡ್ಡಬಿಲ್ಲಿನ ವಿಚಾರ. ಮರದ ದಿಂಡಿನ ಮೇಲೆ ಬಿಲ್ಲನ್ನು ಅಡ್ಡಲಾಗಿ ಕಟ್ಟಿ, ಹೆದೆಯನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿ, ಬೇಕಾದಾಗ ಕುದುರೆ ಒತ್ತಿ ಬಿಡುವ ಯಂತ್ರ ಅದು. ಸೆಳೆದ ಹೆದೆಯನ್ನು ಮನುಷ್ಯನ ತೋಳು ಹಿಡಿದುಕೊಂಡಿರಬೇಕಾಗಿಲ್ಲ, ಕೊಕ್ಕೆ ಹಿಡಿದುಕೊಂಡಿರುತ್ತದೆ. ಅದರ ಗುಟ್ಟೆಲ್ಲ ಇಷ್ಟೇ. ಈ ಗುಟ್ಟಿನಿಂದಲೇ ದೊಡ್ಡವರಿಗೆ ಅದರ ಮೇಲೆ ಸಿಟ್ಟು. 1139ರಲ್ಲಿ ರೋಮಿನ ಎರಡನೆಯ ಲ್ಯಾಟರನ್ ಧರ್ಮಸಭೆ ಕ್ರೈಸ್ತರ ಮೇಲೆ ಅಡ್ಡಬಿಲ್ಲನ್ನೂ ಬಿಲ್ಲನ್ನೂ ಪ್ರಯೋಗಿಸಕೂಡದೆಂದು ವಿಧಿಸಿತು. ವಿಧಿ ಪುಸ್ತಕದಲ್ಲಿ ಉಳಿಯಿತು, ಅಡ್ಡಬಿಲ್ಲು ರಣರಂಗದಲ್ಲಿ ಉಳಿಯಿತು. 1199ರಲ್ಲಿ ಫ್ರಾನ್ಸಿನ ಶಾಲೂ ಕೋಟೆಯ ಬಳಿ ಸಿಂಹಹೃದಯನೆಂದು ಹೆಸರಾದ ರಿಚರ್ಡ್ ದೊರೆಗೆ ಗೋಡೆಯ ಮೇಲಿನಿಂದ ಅಡ್ಡಬಿಲ್ಲಿನ ಬಾಣ ತಗಲಿತು. ಗಾಯ ಕೊಳೆತು ಸತ್ತ. ಬಾಲ್ಯದಿಂದ ಕುದುರೆ ಏರಿ, ಕವಚ ತೊಟ್ಟು, ಯುದ್ಧವನ್ನೇ ಉಂಡು ಬೆಳೆದ ದೊರೆಯನ್ನು ಯಾವನೋ ಒಬ್ಬ ಸಾಮಾನ್ಯ ಕೆಡವಬಹುದೆಂದ ಮೇಲೆ ದೊರೆತನದ ಅಭ್ಯಾಸಕ್ಕೆ ಅರ್ಥವೇನು?

ಹಾಗೆಂದು ಅಡ್ಡಬಿಲ್ಲು ಉದ್ದಬಿಲ್ಲನ್ನು ಗೆದ್ದಿತೆಂದು ತಿಳಿಯಬಾರದು. 1346ರ ಕ್ರೆಸಿ ಯುದ್ಧದಲ್ಲಿ ಫ್ರೆಂಚರ ಕಡೆ ಜಿನೋವದ ಅಡ್ಡಬಿಲ್ಲುಗಾರರಿದ್ದರು, ಇಂಗ್ಲಿಷರ ಕಡೆ ಉದ್ದಬಿಲ್ಲಿನವರು. ಹೆದೆ ಎಳೆಯುವಾಗ ಮರೆಗೆ ಇಟ್ಟುಕೊಳ್ಳುವ ದೊಡ್ಡ ಗುರಾಣಿಗಳು ಹಿಂದೆ ಸಾಮಾನಿನ ಬಂಡಿಗಳಲ್ಲೇ ಉಳಿದಿದ್ದವು. ಅಡ್ಡಬಿಲ್ಲಿನವನು ಒಂದು ಬಾಣ ಹೂಡುವಷ್ಟರಲ್ಲಿ ಉದ್ದಬಿಲ್ಲಿನವನು ನಾಲ್ಕಾರು ಬಾಣ ಬಿಡುತ್ತಿದ್ದ. ಜಿನೋವದವರು ನಿಲ್ಲಲಾರದೆ ಹಿಂದಿರುಗಿದರು.

ಈಗ ಆಟದ ನಿಯಮಕ್ಕೆ ಬನ್ನಿ. 2014ರ ಪುಸ್ತಕದಲ್ಲಿ ಉದ್ದಬಿಲ್ಲಿನ ಗಾಯಕ್ಕೂ ಹಗುರವಾದ ಅಡ್ಡಬಿಲ್ಲಿನ ಗಾಯಕ್ಕೂ ಒಂದೇ ದಾಳ, ಎಂಟು ಮುಖದ್ದು. ಬೆಲೆಯಲ್ಲಿ ಅಡ್ಡಬಿಲ್ಲು ಅರ್ಧ: 25 ಹೊನ್ನು, ಉದ್ದಬಿಲ್ಲು 50. ಸಲೀಸಾಗಿ ಮುಟ್ಟುವ ದೂರ ಒಂದಕ್ಕೆ 80 ಅಡಿ, ಇನ್ನೊಂದಕ್ಕೆ 150. ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ಅಡ್ಡಬಿಲ್ಲಿನವನು ಎಷ್ಟು ನುರಿತವನಾದರೂ ಒಂದು ಸರದಿಯ ಹೊಡೆತದಲ್ಲಿ ಒಂದೇ ಬಾಣ ಬಿಡಬಹುದು. ಹೊಸಬನಿಗೆ ಇದರಿಂದ ನಷ್ಟವಿಲ್ಲ, ಅವನಿಗೆ ಇರುವುದೇ ಒಂದು ಏಟು. ಐದನೆಯ ಮೆಟ್ಟಿಲು ಹತ್ತಿದ ಯೋಧನಿಗೆ ಎರಡು ಏಟು ಬರುತ್ತದೆ. ಅಲ್ಲಿಂದ ಮುಂದೆ ಅಡ್ಡಬಿಲ್ಲು ಅವನನ್ನು ಕಟ್ಟಿಹಾಕುತ್ತದೆ. ಕಲಿಯದವನ ಕೈಯಲ್ಲಿ ಎರಡೂ ಸಮ. ಕಲಿತವನ ಕೈಯಲ್ಲಿ ಮಾತ್ರ ಬಿಲ್ಲು ಮೇಲು. ಕ್ರೆಸಿಯ ಇಡೀ ಪಾಠವನ್ನು ಒಂದು ಸಾಲಿನ ನಿಯಮದಲ್ಲಿ ಅಡಗಿಸಿದ್ದಾರೆ. ಇದನ್ನು ಓದಿದಾಗ ಆ ಪುಸ್ತಕದ ಮೇಲೆ ನನಗೆ ಗೌರವ ಹುಟ್ಟಿತು. ಪಂಡಿತನ ಕೈಗೆ ಅಡ್ಡಬಿಲ್ಲು ಏಕೆಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಸಿಕ್ಕಿತು: ಅದು ಬಾಲ್ಯವನ್ನು ಕೇಳುವುದಿಲ್ಲ.

ಆದರೆ ಈ ಉತ್ತರದಿಂದಲೇ ಅಕ್ಕನ ನೆನಪಾಯಿತು. ಉದ್ದಬಿಲ್ಲು ಬಾಲ್ಯವನ್ನು ಕೇಳುತ್ತದೆ, ಮೃದಂಗವೂ ಹಾಗೆಯೇ. ಆ ಬಾಲ್ಯವನ್ನು ಆಟಗಳು ಕದಿಯುತ್ತವೆಂಬ ದೂರು ಹೊಸದಲ್ಲ. 1363ರಲ್ಲಿ ಇಂಗ್ಲೆಂಡಿನ ಮೂರನೆಯ ಎಡ್ವರ್ಡ್, ಹಬ್ಬಹರಿದಿನಗಳಲ್ಲಿ ಗಟ್ಟಿಮುಟ್ಟಾದ ಗಂಡಸರೆಲ್ಲ ಬಿಲ್ಲಿನ ಅಭ್ಯಾಸ ಮಾಡತಕ್ಕದ್ದೆಂದೂ ಕೈಚೆಂಡು, ಕಾಲ್ಚೆಂಡು, ಕೋಳಿಅಂಕ ಮುಂತಾದ ಕೆಲಸಕ್ಕೆ ಬಾರದ ಆಟಗಳನ್ನು ಬಿಡತಕ್ಕದ್ದೆಂದೂ ಆಜ್ಞೆ ಹೊರಡಿಸಿದ. 1457ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆ ಇದೇ ಕಾರಣಕ್ಕೆ ಕಾಲ್ಚೆಂಡನ್ನೂ ಗಾಲ್ಫನ್ನೂ ನಿಷೇಧಿಸಿತು. ಇಂದು ಆ ಎರಡು ಆಟಗಳು ಲೋಕವನ್ನೆಲ್ಲ ಆಳುತ್ತಿವೆ. ಅಂದು ಯಾವುದನ್ನು ಉಳಿಸಲು ಆಟವನ್ನು ನಿಷೇಧಿಸಿದರೋ ಆ ಬಿಲ್ಲು ಇಂದು ತಾನೇ ಆಟವಾಗಿ ಅಳಿಯನ ಮೇಜಿನ ಮೇಲೆ ಬಂದು ಕುಳಿತಿದೆ. ಕಾಲಪುರುಷನಿಗೂ ವಿನೋದಬುದ್ಧಿ ಇದೆಯೆಂದು ತೋರುತ್ತದೆ.

ಆಜ್ಞೆಗಳಿಂದ ಅಭ್ಯಾಸ ಉಳಿಯಲಿಲ್ಲ. 1549ರಲ್ಲಿ ಹ್ಯೂ ಲ್ಯಾಟಿಮರ್ ಎಂಬ ಧರ್ಮಗುರು ಬಾಲಕ ದೊರೆ ಆರನೆಯ ಎಡ್ವರ್ಡನ ಮುಂದೆ ಉಪದೇಶ ಮಾಡುತ್ತ, ತನ್ನ ತಂದೆ ತನಗೆ ಬಿಲ್ಲು ಕಲಿಸಿದ ಬಗೆಯನ್ನು ನೆನೆದುಕೊಂಡ. ವಯಸ್ಸು ಏರಿದಂತೆ, ಬಲ ಬೆಳೆದಂತೆ, ಒಂದಾದಮೇಲೊಂದು ದೊಡ್ಡ ಬಿಲ್ಲನ್ನು ತಂದೆ ಕೊಳ್ಳುತ್ತಿದ್ದನಂತೆ. ಬರಿಯ ತೋಳಿನಿಂದಲ್ಲ, ಮೈಯ ಭಾರವನ್ನೆಲ್ಲ ಬಿಲ್ಲಿಗೆ ಹಾಕಿ ಸೆಳೆಯುವುದನ್ನು ತೋರಿಸಿಕೊಟ್ಟನಂತೆ. ಹಾಗೆ ಬೆಳೆಸದಿದ್ದರೆ ಯಾರೂ ಒಳ್ಳೆಯ ಬಿಲ್ಲುಗಾರರಾಗಲಾರರೆಂದು ಅವನ ಅಭಿಪ್ರಾಯ. ಅವನು ಮಾತಾಡುತ್ತಿದ್ದಾಗಲೇ ತಂದೆಯಿಂದ ಮಗನಿಗೆ ಹರಿದುಬರುತ್ತಿದ್ದ ಆ ಧಾರೆ ಬತ್ತುತ್ತಿತ್ತು. ಇನ್ನೊಂದು ಕಡೆಯಿಂದ ಬಂದೂಕು ಬಂದಿತ್ತು. ಬಂದೂಕು ಆಗ ಬಿಲ್ಲಿಗಿಂತ ಬೇಗ ಹೊಡೆಯುತ್ತಿತ್ತೆಂದಲ್ಲ. ಬಿಲ್ಲುಗಾರ ಸಿದ್ಧನಾಗಲು ವರ್ಷಗಳು ಬೇಕು, ಬಂದೂಕಿನವನಿಗೆ ಕೆಲವು ವಾರ ಸಾಕು. 1595ರಲ್ಲಿ ಇಂಗ್ಲೆಂಡಿನ ರಾಜಮಂತ್ರಾಲೋಚನ ಸಭೆ ತರಬೇತಾದ ಪಡೆಗಳಿಂದ ಬಿಲ್ಲನ್ನು ತೆಗೆದುಹಾಕಿತು.

ಆಟದೊಳಗಿನ ಪಂಡಿತನ ಕಥೆ ಇದಕ್ಕೆ ತಿರುಗುಮುರುಗು. ಕಾಲ ಕಳೆದಂತೆ ಅವನ ಕೈಗೆ ಆಯುಧಗಳು ಹೆಚ್ಚುತ್ತ ಬಂದಿವೆ. 1974ರಲ್ಲಿ ಅವನಿಗಿದ್ದುದು ಚೂರಿಯೊಂದೇ. 1978ರಲ್ಲಿ ಎಸೆಗೋಲು ಬಂತು, 1989ರಲ್ಲಿ ಕವಣೆ, 2000ದಲ್ಲಿ ಅಡ್ಡಬಿಲ್ಲು. ಆಟ ಹುಟ್ಟಿ ಐವತ್ತು ವರ್ಷ ತುಂಬಿದ 2024ರ ಹೊಸ ಆವೃತ್ತಿಯಲ್ಲಿ ಗಿಡ್ಡಬಿಲ್ಲೂ ಅವನಿಗೆ ದಕ್ಕಿತು. ಅಳಿಯನ ಕೂಟ ಇನ್ನೂ 2014ರ ಪುಸ್ತಕವನ್ನೇ ಹಿಡಿದಿರುವುದರಿಂದ ಆ ಭಾಗ್ಯ ನನಗಿಲ್ಲ. ಆದರೂ ಆಯುಧ ಬಂದಷ್ಟೂ ಅದರ ಅಗತ್ಯ ಕಡಿಮೆಯಾಯಿತೆನ್ನಬೇಕು. ಮೊದಲ ಕಾಲದ ಪಂಡಿತನಿಗೆ ದಿನಕ್ಕೆ ಒಂದು ಮಂತ್ರ. ಅದು ಮುಗಿದರೆ ಚೂರಿಯೇ ಗತಿ. ಈಗಿನವನಿಗೆ ದಣಿವಿಲ್ಲದೆ ಎಷ್ಟು ಸಲ ಬೇಕಾದರೂ ಹೇಳಬಹುದಾದ ಅಗ್ನಿಮಂತ್ರವುಂಟು. ಅದು 120 ಅಡಿ ಹಾರುತ್ತದೆ. ಗಾಯಕ್ಕೆ ಹತ್ತು ಮುಖದ ದಾಳ. ಬುದ್ಧಿಯ ಬಲದಿಂದಲೇ ನಾಟುತ್ತದೆ. "ಅದನ್ನು ತಗೊಂಡರೆ ಆಯುಧದ ಚಿಂತೆಯೇ ಇಲ್ಲ ಮಾವ" ಎಂದು ಅಳಿಯ ಹಿತವಚನ ಹೇಳಿದ.

ಅಗ್ನಿಮಂತ್ರವನ್ನು ತೆಗೆದುಕೊಂಡೆ. ಅದರ ಜೊತೆಗೆ ಅಡ್ಡಬಿಲ್ಲನ್ನು ಬಿಟ್ಟು ಕವಣೆಯನ್ನು ಬರೆದುಕೊಂಡೆ. ಹುಡುಗರು ಬೆರಗಾದರು. ಕವಣೆಯ ಬೆಲೆ ಒಂದು ಬೆಳ್ಳಿಕಾಸು, ಎಂದರೆ ಉದ್ದಬಿಲ್ಲಿನ ಬೆಲೆಯಲ್ಲಿ ಐನೂರರ ಒಂದು ಪಾಲು. ಗಾಯಕ್ಕೆ ನಾಲ್ಕು ಮುಖದ ದಾಳ. ದೂರ 30 ಅಡಿ. ಯಾರು ಬೇಕಾದರೂ ಬಳಸಬಹುದಾದ 'ಸರಳ' ಆಯುಧಗಳ ಪಟ್ಟಿಯಲ್ಲಿ ಕೊನೆಯ ಪಂಕ್ತಿ ಅದರದು.

ಸರಳ! ಕ್ರಿ.ಪೂ. 401ರಲ್ಲಿ ಪರ್ಷಿಯದಿಂದ ಹಿಮ್ಮೆಟ್ಟುತ್ತಿದ್ದ ಗ್ರೀಕರ ಪಡೆಯನ್ನು ಕಾಪಾಡಿದವರಲ್ಲಿ ರೋಡ್ಸ್ ದ್ವೀಪದ ಕವಣೆಗಾರರಿದ್ದರೆಂದು ಕ್ಸೆನೊಫೊನ್ ಬರೆದಿದ್ದಾನೆ. ಅವರ ಸೀಸದ ಗುಂಡು ಪರ್ಷಿಯನ್ನರ ಕವಣೆಗಲ್ಲಿಗಿಂತ ಎರಡರಷ್ಟು ದೂರ ಹೋಗುತ್ತಿತ್ತು. ಬ್ಯಾಲಿಯಾರಿಕ್ ದ್ವೀಪಗಳ ತಾಯಂದಿರು ಮಕ್ಕಳು ಕವಣೆಯಿಂದ ರೊಟ್ಟಿಗೆ ಗುರಿ ಹೊಡೆಯುವವರೆಗೆ ಅದನ್ನು ತಿನ್ನಗೊಡುತ್ತಿರಲಿಲ್ಲವೆಂದು ಪ್ರಾಚೀನ ಲೇಖಕರು ಹೇಳುತ್ತಾರೆ. ಅಷ್ಟು ದೂರ ಹೋಗುವುದೇಕೆ? ಚಿತ್ರದುರ್ಗದ ಕಡೆಯ ನಮ್ಮ ಜೋಳದ ಹೊಲದಲ್ಲಿ ತೆನೆ ಹಾಲುಗಟ್ಟಿದ ದಿನಗಳಲ್ಲಿ ಅಜ್ಜ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುತ್ತಿದ್ದುದನ್ನು ನಾನು ಕಂಡಿದ್ದೇನೆ. ತಲೆಯ ಮೇಲೆ ಒಂದು ಸುತ್ತು, ಒಂದು ಛಟೀರೆಂಬ ಸದ್ದು. ಹೊಲದ ಆ ತುದಿಯಲ್ಲಿ ಗಿಳಿಯ ಹಿಂಡು ಎದ್ದುಹೋಗುತ್ತಿತ್ತು. ಒಂದು ತೆನೆಯೂ ಮುರಿಯುತ್ತಿರಲಿಲ್ಲ. ನಾನೂ ಒಂದು ಬೇಸಗೆಯೆಲ್ಲ ಪ್ರಯತ್ನಪಟ್ಟೆ. ನನ್ನ ಕಲ್ಲು ಮುಂದಕ್ಕೆ ಹೋದದ್ದಕ್ಕಿಂತ ಹಿಂದಕ್ಕೆ ಬಿದ್ದದ್ದೇ ಹೆಚ್ಚು. ಒಮ್ಮೆ ಅಜ್ಜನ ನೀರಿನ ಗಡಿಗೆಯೇ ಒಡೆಯಿತು. ಅಜ್ಜ ಬೈಯಲಿಲ್ಲ. "ಬಿಡೋದು ಯಾವಾಗ ಅಂತ ಕೈಗೇ ಗೊತ್ತಾಗಬೇಕು, ತಲೆಗಲ್ಲ" ಎಂದ. ಆಮೇಲೆ ನಾನು ಓದಲು ಊರು ಬಿಟ್ಟೆ. ಕೈಗೆ ಗೊತ್ತಾಗಲೇ ಇಲ್ಲ.

ಇದನ್ನು ಅಳಿಯನಿಗೆ ಹೇಳಿದೆ. ಲ್ಯಾಟಿಮರನ ತಂದೆಯ ಕಥೆಯನ್ನೂ ಹೇಳಿದೆ. ಮೃದಂಗದ ಹೆಸರೆತ್ತಲಿಲ್ಲ. ಅವನು ಸ್ವಲ್ಪ ಹೊತ್ತು ದಾಳವನ್ನು ಬೆರಳುಗಳ ನಡುವೆ ತಿರುಗಿಸುತ್ತ ಕುಳಿತ. ಆಮೇಲೆ, "ಹಾಗಾದರೆ ನಿಮ್ಮ ಪಂಡಿತರಿಗೆ ಕವಣೆ ಕಲಿಸಿದ್ದು ಅವರ ಅಜ್ಜ ಅಂತ ಬರೆದುಕೊಳ್ಳಿ ಮಾವ" ಎಂದ. ಬರೆದುಕೊಂಡೆ. ಕಾಡಿನ ದಾರಿಯಲ್ಲಿ ತುಂಟಪಿಶಾಚಿಗಳು ಎದುರಾದಾಗ ನನ್ನ ಮೊದಲ ಕಲ್ಲು ಗುರಿ ತಪ್ಪಿತು. ಎರಡನೆಯದು ತಗಲಿತು, ಪಿಶಾಚಿ ಸಾಯಲಿಲ್ಲ, ಆದರೆ ನನ್ನ ಕಡೆ ತಿರುಗಿ ನೋಡಿತು.

ಹೊರಡುವಾಗ ಅಕ್ಕ ಬಾಗಿಲ ತನಕ ಬಂದಳು.

"ಹೇಳಿದೆಯೇನೋ?"

"ಹೇಳಿದೆ ಅಕ್ಕ."

"ಏನಂದ?"

"ಮುಂದಿನ ಭಾನುವಾರವೂ ಬರಬೇಕಂತೆ" ಎಂದೆ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ದಾಳವೇ ಬೇಕಿರಲಿಲ್ಲ, ನೇರವಾಗಿ ನಾಟಿತು. ಬೇಗ ಬೇಗ ಚಪ್ಪಲಿ ಮೆಟ್ಟಿಕೊಂಡೆ. ಒಳಗೆ ಹುಡುಗರು ಮೇಜು ಎತ್ತಿಡುತ್ತಿದ್ದರು. ಅವರಲ್ಲಿ ಯಾರೋ ಒಬ್ಬರು ಮೇಜಿನ ಅಂಚಿನ ಮೇಲೆ ಆದಿತಾಳದ ಒಂದು ಮುಕ್ತಾಯವನ್ನು ನುಡಿಸಿ ನಿಲ್ಲಿಸಿದರು.